ಸಲೋಮಜ್ಜಿಯ ಹಿಡಿ ಅಕ್ಕಿ

ಒಂದಾನೊಂದು ಕಾಲದಲ್ಲಿ ತೆರೆಯಲೊಲ್ಲದ ಒಂದು ಮುಷ್ಟಿಯಿತ್ತು. ಕಾಲವೆಂದರೆ ಈ ವರ್ಷದ ಸುಗ್ಗಿ ಹಬ್ಬದ ಬೆಳಿಗ್ಗೆ, ಊರೆಂದರೆ ನಮ್ಮ ಕೋಣನಕುಂಟೆ. ಲಕ್ವ ಹೊಡೆದ ದಿನ ಮಡಚಿಕೊಂಡ ಸಲೋಮಜ್ಜಿಯ ಬಲಗೈ ಮುಷ್ಟಿ ಅಕ್ಕಿ ಡ್ರಮ್ಮಿನೊಳಗೆ ಹೂತಿತ್ತು. ಪಕ್ಕದಲ್ಲಿ, ಚರ್ಚಿಗೆ ಒಯ್ಯಬೇಕಾದ ತಗಡಿನ ಡಬ್ಬ ಖಾಲಿ ಬಾಯಿ ತೆರೆದು ಕುಳಿತಿತ್ತು.

ಅನ್ನಕ್ಕಿಡುವ ಮೊದಲು ದೇವರಿಗೆಂದು ಒಂದು ಹಿಡಿ ತೆಗೆದಿಡುವುದು ಅಜ್ಜಿ ಮದುವೆಯಾಗಿ ಬಂದಾಗಿನ ರೂಢಿ. ಈ ಹಬ್ಬಕ್ಕೂ ನನ್ನ ಕೈಯಿಂದಲೇ ಹಾಕುತ್ತೇನೆ ಎಂದು ಆಸ್ಪತ್ರೆಯ ಮಂಚದಲ್ಲೇ ದೇವರಿಗೆ ಮಾತು ಕೊಟ್ಟಿದ್ದಳು. ಮನೆಗೆ ಬಂದಂದಿನಿಂದ ಏಳು ತಿಂಗಳು, ಪ್ರತಿ ಬೆಳಿಗ್ಗೆ "ಇವತ್ತು ಹೊಸ ದಿನ, ಸ್ವಾಮಿ" ಎಂದು ಮುಷ್ಟಿಯನ್ನು ಅಕ್ಕಿಗಿಳಿಸುತ್ತಿದ್ದಳು. ಅದು ಹೋದ ಹಾಗೆಯೇ ಬಿಗಿದುಕೊಂಡು ವಾಪಸು ಬರುತ್ತಿತ್ತು.

"ಅಜ್ಜೀ, ಆರಾಧನೆಗೆ ಟೈಮಾಯ್ತು. ಇವತ್ತೊಂದಿನ ನಾನೇ ಹಾಕ್ಲಾ?" ಎಂದಳು ಮೊಮ್ಮಗಳು ಪ್ರಿಸಿಲ್ಲಾ.

"ನೀನು ಹಲ್ಲುಜ್ಜಿದ್ರೆ ನನ್ನ ಬಾಯಿ ತೊಳ್ದಂಗಾಗುತ್ತೇನೇ? ಸುಮ್ನೆ ಡಬ್ಬ ಹಿಡ್ಕೊ." ಅಜ್ಜಿ ಕಣ್ಣು ಮುಚ್ಚಿದಳು. "ಇವತ್ತು ಹೊಸ ದಿನ, ಸ್ವಾಮಿ."

ಅಕ್ಕಿ ಅಲುಗಿತು. ಅಜ್ಜಿ ನಡುಗುತ್ತಿದ್ದಾಳೆ ಎಂದುಕೊಂಡಳು ಪ್ರಿಸಿಲ್ಲಾ. ಆದರೆ ಒಳಗೇನೋ ಉಸಿರೆಳೆದುಕೊಂಡಂತೆ ಅಕ್ಕಿ ನಡುವಲ್ಲಿ ಕುಸಿಯಿತು. ಮುಷ್ಟಿ ಮೇಲೆದ್ದು ಡಬ್ಬದ ಮೇಲೆ ಬಂದು ನಿಂತಿತು. ಕಿರುಬೆರಳು ಮೆಲ್ಲಗೆ ಬಿಚ್ಚಿಕೊಂಡಿತು, ಆಮೇಲೆ ಅದರ ಪಕ್ಕದ್ದು. ಪ್ರಿಸಿಲ್ಲಾ ಡಬ್ಬವನ್ನು ಆ ಬೆರಳುಗಳ ಕೆಳಕ್ಕೆ ಎತ್ತಿ ಹಿಡಿದಳು. ಖಾಲಿ ತಗಡಿನ ಮೇಲೆ ಏಳೆಂಟು ಕಾಳು, ಒಂದೊಂದಾಗಿ, ಸದ್ದು ಮಾಡಿಕೊಂಡು ಬಿದ್ದವು.