ಹಿಂದಕ್ಕೆ ಓಡಿದ ಕ್ಯಾಸೆಟ್

ಹೊಸ ಸೀರೆಯ ಗಂಜಿ ವಾಸನೆ ಬಂದರೆ ಈಗಲೂ ಸೇಲಂನ ನಮ್ಮ ಮಗ್ಗದ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬಾಡಿಗೆಗೆ ತಂದ ವಿಸಿಆರ್‌ನಲ್ಲಿ ನಾನು ಜಪಾನಿನ ಸಮುರಾಯ್ ಕಾರ್ಟೂನ್ ಹಾಕಿದ್ದೆ. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಮದುವೆಯಾಗದ ನನ್ನ ಸೋದರತ್ತೆ ಲಾಳಿ ಹಿಡಿದುಕೊಂಡೇ ಬಂದು ಕೂತಳು.

"ಇದೆಲ್ಲಾ ಕೈಯಲ್ಲೇ ಬರ್ದವ್ರಾ? ಸೆರಗು ಗಾಳಿಗೆ ಎಂಗೆ ಆಡ್ತೈತೆ ನೋಡ್ಲಾ."

ಯಜಮಾನನ ಅಪ್ಪಣೆಗೆ ಕಟ್ಟುಬಿದ್ದ ಸಮುರಾಯ್, ಪ್ರೀತಿಸಿದ ಹುಡುಗಿಯನ್ನು ಸೇತುವೆಯ ಮೇಲೆ ಬಿಟ್ಟು ಯುದ್ಧಕ್ಕೆ ಹೋದ. ಮರಳಿ ಬಂದದ್ದು ಅವನ ಕತ್ತಿ ಮಾತ್ರ.

"ಪಾವಂ," ಎಂದು ತಮಿಳಿನಲ್ಲೇ ಮರುಗಿದಳು ಅತ್ತೆ. "ಸೇತುವೆಗಂಟ ಇಂದಕ್ಕೆ ಓಡ್ಸ್ಲಾ. ತಪ್ಪಿದ ಎಳೆಗಂಟ ಬಿಚ್ಚಿ ತಿರ್ಗ ನೇಯ್ದ್ರೆ ಸರಿಯಾಗ್ತೈತೆ."

ನಾನು ನಕ್ಕೆ. "ಇದು ಮಗ್ಗ ಅಲ್ಲತ್ತೆ. ಎಷ್ಟು ಸಲ ಆಕಿದ್ರೂ ಅದೇ ಕತೆ."

ಒಳಗೆ ಮಗ್ಗದ ಸದ್ದು ನಿಂತಿತು. ಹಿಂದಿನ ವರ್ಷ ಅತ್ತೆಯನ್ನು ಹೆಣ್ಣು ಕೇಳಲು ಬಂದ ಬಣ್ಣದಂಗಡಿಯವನನ್ನು ಬಾಗಿಲಿಂದಲೇ ಕಳಿಸಿದ್ದ ತಾತ, ಮಗ್ಗದ ಗುಣಿಯಿಂದ ಎದ್ದು ಬಂದ.

"ಅವ್ಳು ಕೇಳ್ತಾವ್ಳಲ್ಲ, ಓಡ್ಸು."

ಓಡಿಸಿದೆ. ಸಮುರಾಯ್ ಹಿಂದಹಿಂದಕ್ಕೆ ನಡೆಯುತ್ತಾ ಸೇತುವೆ ಹತ್ತಿ ಅವಳ ಪಕ್ಕ ಬಂದು ನಿಂತ. ಅತ್ತೆ ಪರದೆಯನ್ನು ನೋಡುತ್ತಿದ್ದಳು. ತಾತ ಅತ್ತೆಯನ್ನು ನೋಡುತ್ತಿದ್ದ.

"ಸಾಕು, ಅಲ್ಲೇ ನಿಲ್ಸ್ಲಾ," ಅಂದವನು ತಾತ.