ಬೇಲಿ ಪಕ್ಕದ ರೇಡಿಯೊ

ಅಕ್ಕಿ ಡಬ್ಬದೊಳಗೆ ಕೈ ಹಾಕಿದ ಚಂದ್ರಮತಿಗೆ ಸಿಕ್ಕಿದ್ದು ಗಂಡನ ರೇಡಿಯೊ ಸ್ಕ್ಯಾನರ್. ಅದನ್ನು ಎಸೆದುಬಿಟ್ಟೆ ಎಂದು ಸರ್ವೋತ್ತಮ ಹೋದ ತಿಂಗಳಷ್ಟೇ ದೇವರಾಣೆ ಇಟ್ಟಿದ್ದ.

"ಪರ್ಮಿಶನ್ ಇಲ್ಲದೆ ಇದನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂತ ನಿಮಗೆ ಗೊತ್ತುಂಟು. ಸಿಕ್ಕಿಬಿದ್ದರೆ ವೀಸಾ ಖಲಾಸ್. ನಿಮಗೆ ರೈಲು ಬೇಕಾ, ಸಂಸಾರ ಬೇಕಾ?"

ಅವನು ಗಡಿಯಾರ ನೋಡಿಕೊಂಡ. ದುಬೈಯ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವನಿಗೆ ತಲೆ ನರೆತ ಮೇಲೆ ಹಿಡಿದ ಹುಚ್ಚು ಇದು. ಕೆಲಸ ಮುಗಿದರೆ ನೇರ ಗೂಡ್ಸ್ ರೈಲಿನ ಹಳಿಯ ಬೇಲಿಗೆ ಹೋಗುತ್ತಿದ್ದ. ಇಯರ್‌ಫೋನ್ ಸಿಕ್ಕಿಸಿ, ಚಾಲಕರೂ ಕಂಟ್ರೋಲ್ ರೂಮಿನವರೂ ಆಡುವ ಮಾತು ಕೇಳುತ್ತಾ ನಿಲ್ಲುತ್ತಿದ್ದ. ಚಂದ್ರಮತಿ ಒಮ್ಮೆ ಜೊತೆಗೆ ಹೋಗಿ ನೋಡಿದ್ದಳು. ಮೊದಲ ರೈಲು ಗುಡುಗಿಕೊಂಡು ಹೋದರೂ ಅವನು ತಲೆ ಎತ್ತಲಿಲ್ಲ. ಮುಂದಿನದಕ್ಕೆ ಮಾತ್ರ ಎದ್ದು ಬೇಲಿ ಹಿಡಿದು ನಿಂತ. ಎರಡರ ಎಂಜಿನ್ನೂ ಒಂದೇ ಥರ ಇತ್ತು. ಇದೆಂಥ ಹುಚ್ಚೋ ಎಂದು ಅವಳಿಗೆ ಹೆದರಿಕೆಯೇ ಆಗಿತ್ತು.

ಇವತ್ತು ಅಶ್ಮಿತಾ ಫೋನ್ ಮಾಡುವ ದಿನ, ಮನೆಯಲ್ಲಿರಿ ಎಂದು ಅವಳು ಗೋಗರೆದಳು. ಮಗಳಿಗೆ ಅಬುಧಾಬಿಯಲ್ಲಿ ಆಫೀಸು ಕೆಲಸ, ಎಸಿ ಕೋಣೆ, ಕೂತು ಮಾಡುವ ಕೆಲಸ ಎಂದು ಉಡುಪಿಯ ಒಂದು ದೊಡ್ಡ ಮನೆತನಕ್ಕೆ ಹೇಳಿ, ಚಂದ್ರಮತಿ ಸಂಬಂಧವನ್ನು ಹೆಚ್ಚುಕಡಿಮೆ ಕುದುರಿಸಿದ್ದಳು.

"ಅವಳಿಗೆ ಈಗ ಡ್ಯೂಟಿ. ಆಮೇಲೆ ಮಾತಾಡುತ್ತೇನೆ," ಎಂದು ಅವನು ಸ್ಕ್ಯಾನರನ್ನು ಹೆಂಡತಿಯ ಕೈಯಿಂದ ಕಿತ್ತುಕೊಂಡೇ ಹೊರಟ.

ಬೇಲಿಗೆ ತಾಗಿದ ಗೋದಾಮಿನ ಕಾವಲುಗಾರ ಉಳ್ಳಾಲದ ನೌಶಾದ್. ಇವನನ್ನು ಕಂಡವನೇ ಓಡಿ ಬಂದ.

"ಸರ್ವೋತ್ತಮಣ್ಣ, ಇವತ್ತು ಬೇಡ ಮಾರಾಯ್ರೆ. ಪೊಲೀಸ್ ಗಾಡಿ ಸುತ್ತುತ್ತಾ ಉಂಟು."

ಇದೊಂದು ರೈಲು ಹೋಗಲಿ ಎಂದು ಸರ್ವೋತ್ತಮ ಬೇಡಿಕೊಂಡ.

ರೈಲು ಬಂತು. ಎಂಜಿನ್ ದಾಟುವಾಗ ಅವನ ಮುಖ ಅರಳಿತು. ಹಿಂದೆಯೇ ಕಂಟೇನರುಗಳ ಸಾಲು. ನಡುವಿನ ಒಂದು ವ್ಯಾಗನ್ನಿನ ಚಕ್ರದಿಂದ ಕಿಡಿ ಹಾರುತ್ತಿತ್ತು. ನೋಡನೋಡುತ್ತಲೇ ಹೊಗೆ ಎದ್ದಿತು. ಹೊಗೆಯೊಳಗೆ ಬೆಂಕಿ. ಅದರ ಹಿಂದಿದ್ದವು ರಾಸಾಯನಿಕ ತುಂಬಿದ ಟ್ಯಾಂಕುಗಳು. ಅಷ್ಟು ಉದ್ದದ ರೈಲಿನಲ್ಲಿ ಮುಂದಿನವರಿಗೆ ಅದು ಕಾಣುವ ಹಾಗಿರಲಿಲ್ಲ. ಎಲ್ಲ ಸರಿಯಿದೆ, ವೇಗ ಹೆಚ್ಚಿಸುತ್ತಿದ್ದೇನೆ ಎಂದು ಚಾಲಕರು ಶಾಂತವಾಗಿ ಹೇಳುವುದು ಇಯರ್‌ಫೋನಿನಲ್ಲಿ ಕೇಳಿಸುತ್ತಿತ್ತು.

ಸ್ಕ್ಯಾನರಿನಿಂದ ಕೇಳಬಹುದಿತ್ತೇ ಹೊರತು ಮಾತಾಡುವ ಹಾಗಿರಲಿಲ್ಲ. ಆದರೂ ಸರ್ವೋತ್ತಮ ಅದನ್ನು ಬಾಯಿಗೆ ಹಿಡಿದು, "ನಿಲ್ಲಿಸು, ನಿಲ್ಲಿಸು," ಎಂದು ಗಂಟಲು ಹರಿಯುವಂತೆ ಕೂಗಿದ. ರೈಲಿನ ಹಿಂದೆ ಓಡಿ, ಮರಳಲ್ಲಿ ಬಿದ್ದು, ಎದ್ದು, ನೌಶಾದನ ಕ್ಯಾಬಿನ್ನಿಗೆ ನುಗ್ಗಿದ.

ಅಷ್ಟರಲ್ಲಿ ನೌಶಾದ್ ತುರ್ತು ನಂಬರಿಗೆ ಫೋನ್ ಮಾಡಿದ್ದ. ರೈಲಿನಿಂದ ಅಂಥ ದೂರೇನೂ ಬಂದಿಲ್ಲ, ಧೂಳನ್ನೇ ಹೊಗೆ ಅಂದುಕೊಂಡಿರಬಹುದು ಎಂಬ ಉತ್ತರ ಬಂತು. ನೌಶಾದ್ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: "ನೀವು ಆ ರೇಡಿಯೊವನ್ನು ಮರಳಲ್ಲಿ ಹೂತು ಮನೆಗೆ ಹೋಗಿ. ನಾನು ಹೇಗಾದರೂ ಇವರನ್ನು ನಂಬಿಸ್ತೇನೆ."

ಹೇಗಾದರೂ ನಂಬಿಸುವಷ್ಟು ಹೊತ್ತಿರಲಿಲ್ಲ. ಸರ್ವೋತ್ತಮ ಫೋನ್ ಕಿತ್ತುಕೊಂಡ. ತನ್ನ ಹೆಸರು ಹೇಳಿದ. ತನ್ನ ಬಳಿ ಸ್ಕ್ಯಾನರ್ ಇದೆ, ಚಾಲಕರ ಮಾತನ್ನು ಈಗಲೂ ಕೇಳುತ್ತಿದ್ದೇನೆ, ಅವರಿಗೆ ಬೆಂಕಿಯ ವಿಷಯ ಗೊತ್ತೇ ಇಲ್ಲ ಎಂದ. ನನ್ನನ್ನು ಜೈಲಿಗೆ ಹಾಕಿ, ರೈಲು ನಿಲ್ಲಿಸಿ ಎಂದು ಅತ್ತುಬಿಟ್ಟ.

ರೈಲು ನಿಂತಿತು. ಅಗ್ನಿಶಾಮಕದವರು ತಲುಪಿದಾಗ ಬೆಂಕಿ ಇನ್ನೂ ಟ್ಯಾಂಕುಗಳನ್ನು ಮುಟ್ಟಿರಲಿಲ್ಲ. ಚಾಲಕರು ಕೆಳಗಿಳಿದಿದ್ದಾರೆ, ಕ್ಷೇಮ ಎಂಬ ಮಾತು ಕಿವಿಗೆ ಬಿದ್ದ ಮೇಲೆಯೇ ಸರ್ವೋತ್ತಮ ನೆಲಕ್ಕೆ ಕುಸಿದ. ಪೊಲೀಸರು ಅವನನ್ನು ಅಲ್ಲಿಂದಲೇ ಎಬ್ಬಿಸಿ ಕರೆದೊಯ್ದರು.

ಸುದ್ದಿ ತಿಳಿದು ಚಂದ್ರಮತಿ ಠಾಣೆಗೆ ಬಂದಳು. ಅಧಿಕಾರಿ ಒರಟನಲ್ಲ. ದೊಡ್ಡ ಅನಾಹುತ ತಪ್ಪಿತು ನಿಜ, ಆದರೆ ಕದ್ದು ಕೇಳಿದ್ದು ತಪ್ಪೇ, ಯಾರಿಗಾಗಿ ಕೇಳುತ್ತಿದ್ದೆ ಹೇಳು ಎಂದು ಹಿಂದಿಯಲ್ಲಿ ಕೇಳಿದ. ಇವರಿಗೆ ರೈಲಿನ ಹುಚ್ಚು, ಬೇರೇನೂ ಇಲ್ಲ ಎಂದು ಚಂದ್ರಮತಿ ಕೈಮುಗಿದಳು.

ಹಾಗಾದರೆ ಆ ಎಂಜಿನ್ ಯಾವುದು ಎಂದು ಅಧಿಕಾರಿ ಕೇಳಿದ. ಸರ್ವೋತ್ತಮನಿಗೆ ಗೊತ್ತಿರಲಿಲ್ಲ. ರೈಲು ಎಲ್ಲಿಗೆ ಹೋಗುತ್ತಿತ್ತೆಂದೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಒಂದೇ ಒಂದು ರೈಲಿನ ಫೋಟೊ ಇರಲಿಲ್ಲ. ಅಧಿಕಾರಿಯ ಮುಖ ಬಿಗಿಯಿತು. ಚಂದ್ರಮತಿ ಗಂಡನ ತೋಳು ಹಿಡಿದಳು. ಯಾರಿಗಾಗಿ ಎಂದು ಅವಳೂ ಕೇಳಿದಳು.

ಸರ್ವೋತ್ತಮ ಅಧಿಕಾರಿಯತ್ತ ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಬಯ್ಯಬೇಡ ಚಂದ್ರಾ, ಆ ರೈಲು ಓಡಿಸುತ್ತಿದ್ದದ್ದು ನಮ್ಮ ಅಶ್ಮಿತಾ."