ಕೆಳಗಿಳಿದ ಪಟ್ಟಿ

ಲಕೋಟೆಗೆ ಅನ್ನದ ಅಂಟು ಹಚ್ಚುವಾಗ ಇಂದಿಗೂ ನನಗೆ ಕಾಕಾನ ಔಷಧದ ಬಾಟಲಿ ನೆನಪಾಗುತ್ತದೆ.

ಬನವಾಸಿಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಕಾಕಾನಿಗೆ ಶಿರಸಿಯ ಡಾಕ್ಟರು ನೋವಿನ ಔಷಧ ಬರೆದಿದ್ದರು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಕಾಂಪೌಂಡರು ಬಾಟಲಿಗೆ ಹಲ್ಲು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ್ದ; ಒಂದು ಹಲ್ಲೆಂದರೆ ಒಂದು ಹೊತ್ತಿನ ಔಷಧ. ಆ ಔಷಧ ಚಟ ಹಿಡಿಸುತ್ತದೆಂದು ಕೇಳಿದ್ದ ಅಜ್ಜಿ ದಿನವೂ ಪಟ್ಟಿ ನೋಡುತ್ತಿದ್ದಳು. ಔಷಧ ಆ ದಿನದ ಹಲ್ಲಿಗೆ ಸರಿಯಾಗಿಯೇ ನಿಂತಿರುತ್ತಿತ್ತು.

ಒಂದು ಮಧ್ಯಾಹ್ನ, ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ನಾನು ವಾದಕ್ಕೆ ನಿಂತೆ. "ಅಜ್ಜಿ, ನಿನ್ನೆ ಪಟ್ಟಿ ಬಾಟ್ಲಿ ಕುತ್ತಿಗಿ ತನಕ ಇತ್ತು. ಔಷಧ ಇಳೀಬೇಕು, ಕಾಗದ ಯಾಕ ಇಳೀತು? ಕಾಕಾ ಹೆಚ್ಚಿಗಿ ಕುಡದು ಪಟ್ಟಿನ ಕೆಳಗ ಅಂಟಿಸ್ಯಾನ."

"ವಕೀಲ್ರು ಬಂದ್ರು ನೋಡವ್ವ," ಎಂದು ಕಾಕಾ ನಕ್ಕ.

ಅಜ್ಜಿ ಹೆಬ್ಬೆರಳಿನಿಂದ ಒತ್ತಿದಳು. ಪಟ್ಟಿ ಜಾರಿತು. ಅಡಿಯಲ್ಲಿ ಅನ್ನದ ಅಂಟು ಇನ್ನೂ ಹಸಿಯಾಗಿತ್ತು.

"ಕಾಲು ಅಷ್ಟು ನೋಯ್ತೈತೇನೋ?" ಎಂದು ಕೇಳಿದಳು.

ಕಾಕಾ ತಲೆ ತಗ್ಗಿಸಿದ. "ನೋವು ಹೋಗಿ ವಾರ ಆತವ್ವ."

"ಮತ್ತ್ಯಾಕ ಕುಡಿತಿ?" ಎಂದೆ ನಾನು.

"ಸಾಕು, ಸುಮ್ನಿರು ತಂಗಿ," ಎಂದಳು ಅಜ್ಜಿ.

ವಾದ ಗೆದ್ದದ್ದು ನಾನೇ. ಅಜ್ಜಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಕಾಕಾ ನನ್ನ ಮೇಲೆ ಸಿಟ್ಟಾಗಲೂ ಇಲ್ಲ; ಅವನ ಕಣ್ಣು ಆ ಸೆರಗಿನ ಹಿಂದೆಯೇ ಹೋಗಿತ್ತು.